ಪುಟಾಣಿ ಸೈನಿಕ ಬೊಂಬೆಗಳಿಗೆ ನೆರಳು ಕೊಡಲು ಅಕ್ರಿಲಿಕ್ ಬಿಟ್ಟು ತೈಲವರ್ಣದ ವಾಶ್ ಏಕೆ ಬಳಸುತ್ತಾರೆ?

ಮುಖ್ಯ ಕಾರಣ, ತಪ್ಪನ್ನು ತಿದ್ದಲು ಅದು ಕೊಡುವ ಸಮಯ. ಅಕ್ರಿಲಿಕ್ ವಾಶ್, ಅಂದರೆ ತೆಳುವಾಗಿ ಕದಡಿದ ಬಣ್ಣ, ನೀರು ಆರಿದೊಡನೆ ಗಟ್ಟಿಯಾಗುತ್ತದೆ. ಅಂಚಿನಲ್ಲಿ ಕಲೆ ನಿಂತರೆ ಅಳಿಸುವುದು ಕಷ್ಟ. ತೈಲವರ್ಣ ಹಾಗಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ನಿಧಾನವಾಗಿ ಸೇರಿಯೇ ಗಟ್ಟಿಯಾಗಬೇಕು. ಹಾಗಾಗಿ ಹಚ್ಚಿ ಕೆಲವು ಗಂಟೆಗಳಾದರೂ ಒರೆಸಿ ತೆಗೆಯಬಹುದು.

ವೈಟ್ ಸ್ಪಿರಿಟ್ ಎಂಬ ಪೆಟ್ರೋಲಿಯಂ ದ್ರಾವಕದಲ್ಲಿ ತೆಳುವಾಗಿಸಿದ ಈ ಬಣ್ಣ ಹರಿಯುವುದನ್ನು ನೋಡುವುದೇ ಒಂದು ಸಂತೋಷ. ಕುಂಚದ ತುದಿಯನ್ನು ಅಂಗಿಯ ಒಂದು ನೆರಿಗೆಗೆ ತಾಗಿಸಿದರೆ ಸಾಕು, ಬಣ್ಣ ತಾನಾಗಿಯೇ ಸಂದಿನುದ್ದಕ್ಕೂ ಓಡಿ, ಬೆಲ್ಟಿನ ಕೆಳಗೆ, ಚೀಲದ ಪಟ್ಟಿಯ ಅಂಚಿನಲ್ಲಿ ಕೂದಲೆಳೆಯಂಥ ಗೆರೆಯಾಗಿ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟು, ಸ್ಪಿರಿಟ್‌ನ ಪಸೆಯಷ್ಟೇ ಇರುವ ಹತ್ತಿಕಡ್ಡಿಯಿಂದ ಉಬ್ಬಿದ ಭಾಗಗಳನ್ನು ಮೇಲಿನಿಂದ ಕೆಳಕ್ಕೆ ಒರೆಸಿ. ತಗ್ಗಿನಲ್ಲಿ ನೆರಳು ಉಳಿಯುತ್ತದೆ, ಉಬ್ಬಿನಲ್ಲಿ ಮೂಲ ಬಣ್ಣ ಮರಳುತ್ತದೆ.

ಖಾಕಿ ಸಮವಸ್ತ್ರಕ್ಕೂ ಮುಖಕ್ಕೂ ಗಾಢ ಕಂದು ಚೆನ್ನಾಗಿ ಹೊಂದುತ್ತದೆ. ಅಪ್ಪಟ ಕಪ್ಪು ಮುಖವನ್ನು ಕೊಳಕಾಗಿಸುತ್ತದೆ. ಕೆಳಗಿನ ಬಣ್ಣ ಅಕ್ರಿಲಿಕ್ ಆಗಿರಲಿ. ಚೆನ್ನಾಗಿ ಒಣಗಿದ ಅಕ್ರಿಲಿಕ್ಕನ್ನು ವೈಟ್ ಸ್ಪಿರಿಟ್ ಸಾಮಾನ್ಯವಾಗಿ ಕರಗಿಸುವುದಿಲ್ಲ. ಆದರೂ ಉಜ್ಜುವಾಗ ಕಿತ್ತುಬರದಂತೆ ಅದರ ಮೇಲೆ ಒಂದು ಪದರ ಅಕ್ರಿಲಿಕ್ ವಾರ್ನಿಷ್ ಹಚ್ಚುವುದನ್ನು ನಾನು ಎಂದೂ ತಪ್ಪಿಸುವುದಿಲ್ಲ. ಕಿಟಕಿ ತೆರೆದಿಟ್ಟು ಕೆಲಸ ಮಾಡಿ. ಕೊನೆಯ ಮ್ಯಾಟ್, ಅಂದರೆ ಹೊಳಪಿಲ್ಲದ, ವಾರ್ನಿಷ್‌ಗೆ ಮುನ್ನ ಬೊಂಬೆಯನ್ನು ಕೆಲವು ದಿನ ಒಣಗಲು ಬಿಡಿ.