ರಾಕ್ಷಸನ ಪ್ರಾಣ ಗಿಣಿಯಲ್ಲೇ ಇರಲಿ

ಪ್ರಶ್ನೆ: ನನ್ನ ಮಗಳಿಗೆ ಐದು ವರ್ಷ. ಮಲಗುವ ಮುಂಚೆ ಕಥೆ ಬೇಕೇ ಬೇಕು. ನಾನು ಚಿಕ್ಕವಳಿದ್ದಾಗ ಕೇಳಿದ್ದೆಲ್ಲ ರಾಕ್ಷಸ, ಮಾಟಗಾತಿ, ಮಕ್ಕಳನ್ನು ಕಾಡಿನಲ್ಲಿ ಬಿಟ್ಟು ಬರುವ ಮಲತಾಯಿಯ ಕಥೆಗಳು. ಇವನ್ನೆಲ್ಲ ಹೇಳಿದರೆ ಮಗು ಹೆದರುವುದಿಲ್ಲವೇ? ಅದಕ್ಕೇ ರಾಕ್ಷಸನನ್ನು ಒಳ್ಳೆಯವನನ್ನಾಗಿ ಮಾಡಿ ಹೇಳುತ್ತಿದ್ದೇನೆ. ಸರೀನಾ?

ಉತ್ತರ: ಬೇಡಮ್ಮ, ರಾಕ್ಷಸ ರಾಕ್ಷಸನಾಗಿಯೇ ಇರಲಿ ಬಿಡಿ. ಭಯ ಮಗುವಿನ ಮನಸ್ಸಿನಲ್ಲಿ ಮೊದಲೇ ಇರುತ್ತದೆ. ಕತ್ತಲೆ ಕಂಡರೆ ಭಯ, ಅಮ್ಮ ಕಾಣದೇ ಹೋದರೆ ಭಯ. ಅದಕ್ಕೆ ಮುಖ ಇಲ್ಲ, ಹೆಸರಿಲ್ಲ, ಹಾಗಾಗಿ ಹೇಳಿಕೊಳ್ಳುವುದಕ್ಕೂ ಬರುವುದಿಲ್ಲ. ಕಥೆ ಆ ಭಯಕ್ಕೆ ಕೋರೆಹಲ್ಲು, ಕೆಂಪು ಕಣ್ಣು ಕೊಡುತ್ತದೆ, ಜೊತೆಗೆ ಅದರ ಪ್ರಾಣ ಎಲ್ಲಿದೆ ಅನ್ನುವ ಗುಟ್ಟನ್ನೂ ಹೇಳಿಬಿಡುತ್ತದೆ. ಏಳು ಸಮುದ್ರದ ಆಚೆ ಒಂದು ಮರ, ಮರದಲ್ಲಿ ಪಂಜರ, ಪಂಜರದಲ್ಲಿ ಗಿಣಿ, ಗಿಣಿಯಲ್ಲಿ ರಾಕ್ಷಸನ ಪ್ರಾಣ. ನಾವೆಲ್ಲ ಕೇಳಿದ್ದೇ ಅಲ್ವಾ? ರಷ್ಯಾದ ಕಥೆಗಳಲ್ಲಿ ಕೊಶ್ಚೇಯ್ ಅಂತ ಒಬ್ಬ ಸಾವಿಲ್ಲದ ದುಷ್ಟ ಇದ್ದಾನೆ. ಅವನ ಸಾವು ಅಡಗಿರುವುದು ಸೂಜಿಯ ತುದಿಯಲ್ಲಿ, ಸೂಜಿ ಮೊಟ್ಟೆಯಲ್ಲಿ, ಮೊಟ್ಟೆ ಬಾತುಕೋಳಿಯಲ್ಲಿ, ಬಾತುಕೋಳಿ ಮೊಲದ ಹೊಟ್ಟೆಯಲ್ಲಿ, ಮೊಲ ಪೆಟ್ಟಿಗೆಯಲ್ಲಿ. ಎಲ್ಲಿಯ ಗಿಣಿ, ಎಲ್ಲಿಯ ಬಾತುಕೋಳಿ! ಆದರೂ ಎರಡೂ ಕಡೆ ದೈತ್ಯನ ಜೀವ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದರಲ್ಲಿ ಕೂತಿದೆ, ಮಗುವಿನ ಅಂಗೈಯಲ್ಲೂ ಹಿಡಿಸುತ್ತದೆ. ನೀವು ರಾಕ್ಷಸನನ್ನು ಒಳ್ಳೆಯವನನ್ನಾಗಿ ಮಾಡಿದರೆ ಪಾಪ ಆ ಗಿಣಿಯನ್ನು ಹುಡುಕಿಕೊಂಡು ಹೋಗುವವರು ಯಾರು? ಮಗುವಿನ ಭಯ ಮಾತ್ರ ಇದ್ದಲ್ಲೇ ಇರುತ್ತದೆ.

ಆದರೆ ಮಲತಾಯಿಯ ವಿಷಯ ಬೇರೆ. ಗ್ರಿಮ್ ಸೋದರರು ಜರ್ಮನಿಯ ಕಥೆಗಳ ಮೊದಲ ಸಂಪುಟ ತಂದಿದ್ದು 1812ರಲ್ಲಿ. ಅದರಲ್ಲಿ ಅಣ್ಣ ತಂಗಿ ಹ್ಯಾನ್ಸೆಲ್ ಮತ್ತು ಗ್ರೆಟೆಲ್‌ರನ್ನು ಕಾಡಿನಲ್ಲಿ ಬಿಟ್ಟು ಬರೋಣ ಅನ್ನುವವಳು ಹೆತ್ತ ತಾಯಿಯೇ. ಅವಳು ಮಲತಾಯಿಯಾದದ್ದು ಆಮೇಲಿನ ಮುದ್ರಣಗಳಲ್ಲಿ. ಹೆತ್ತವಳೇ ಹೀಗೆ ಮಾಡುತ್ತಾಳೆ ಅಂತ ಮಕ್ಕಳ ಪುಸ್ತಕದಲ್ಲಿ ಬರೆಯಲು ಮನಸ್ಸು ಒಪ್ಪಲಿಲ್ಲವೋ ಏನೋ. ಅವರೇ ಬದಲಾಯಿಸಿದ್ದಾರೆ ಅಂದಮೇಲೆ ನೀವೂ ಬದಲಾಯಿಸಬಹುದು. ಕೇಳುವ ಮಕ್ಕಳಲ್ಲಿ ಎರಡನೇ ಅಮ್ಮನ ಜೊತೆ ಬೆಳೆಯುತ್ತಿರುವ ಮಗು ಇದ್ದರೆ, ಆ ಮಗುವಿನ ಎದುರು ಮಲತಾಯಿಯನ್ನು ಕೆಟ್ಟವಳು ಮಾಡುವುದು ನನಗಂತೂ ಆಗುವುದಿಲ್ಲ. ಮಕ್ಕಳು ದಾರಿ ತಪ್ಪಿದರು ಅಂದರೆ ಸಾಕು, ಕಥೆ ನಡೆಯುತ್ತದೆ. ಗ್ರಿಮ್ ಸೋದರರು ಎಷ್ಟು ತಿದ್ದಿದರೂ ಆ ಮಕ್ಕಳನ್ನು ತಿನ್ನಲು ಹೊರಟ ಮಾಟಗಾತಿಯನ್ನು, ಕೊನೆಗೆ ಅವಳೇ ಬಿದ್ದು ಸಾಯುವ ಒಲೆಯನ್ನು ಮಾತ್ರ ಮುಟ್ಟಲಿಲ್ಲ ನೋಡಿ.

ಇನ್ನೊಂದು ಮಾತು. ರಾಕ್ಷಸನನ್ನು ಜಾಸ್ತಿ ವರ್ಣಿಸಬೇಡಿ. 'ದೊಡ್ಡ ರಾಕ್ಷಸ ಬಂದ' ಅಂದರೆ ಮಗು ತನಗೆ ತಡೆಯುವಷ್ಟು ದೊಡ್ಡ ರಾಕ್ಷಸನನ್ನೇ ಕಟ್ಟಿಕೊಳ್ಳುತ್ತದೆ. ಟಿವಿಯಲ್ಲಿ ಆ ಅನುಕೂಲ ಇಲ್ಲ. ಮಗಳ ಕೈ ನಿಮ್ಮ ಕೈಯಲ್ಲಿರಲಿ. ಬೆರಳು ಬಿಗಿಯಾಯಿತು ಅಂದರೆ ಕಥೆಯನ್ನು ಸ್ವಲ್ಪ ಬೇಗ ಓಡಿಸಿ, ಗಿಣಿಯ ಹತ್ತಿರ ಬನ್ನಿ. ರಾಕ್ಷಸ ಸಾಯುವ ಮುಂಚೆ ಮಾತ್ರ ದೀಪ ಆರಿಸಬೇಡಿ.

ಪ್ರಶ್ನೆ: ಪುಸ್ತಕ ಇಲ್ಲದೆ ಕಥೆ ಹೇಳಲು ಹೋದರೆ ನಡುವೆ ಮರೆತೇ ಹೋಗುತ್ತದೆ. ಏನೋ ಒಂದು ಸೇರಿಸಿ ಮುಂದೆ ಹೋದರೆ ಮಗ 'ನಿನ್ನೆ ಹಾಗೆ ಹೇಳಲಿಲ್ಲ' ಅಂತ ಜಗಳಕ್ಕೇ ಬರುತ್ತಾನೆ. ಏನು ಮಾಡಲಿ?

ಉತ್ತರ: ಎಷ್ಟು ಒಳ್ಳೆಯ ಜಗಳ ಅದು! ಗ್ರಿಮ್ ಸೋದರರಿಗೆ ಹಲವು ಕಥೆ ಹೇಳಿದವರು ಡೊರೊಥಿಯಾ ಫೀಮನ್, ಒಬ್ಬ ದರ್ಜಿಯ ಹೆಂಡತಿ. ಆಕೆ ಎಷ್ಟು ಸಲ ಹೇಳಿದರೂ ಕಥೆ ಬದಲಾಗುತ್ತಿರಲಿಲ್ಲ, ತಪ್ಪು ಗೊತ್ತಾದ ಕೂಡಲೇ ಅಲ್ಲೇ ತಿದ್ದಿಕೊಳ್ಳುತ್ತಿದ್ದರು ಅಂತ 1815ರ ಎರಡನೇ ಸಂಪುಟದ ಮುನ್ನುಡಿಯಲ್ಲಿ ಬರೆದಿದ್ದಾರೆ. ನಿಮ್ಮ ಮನೆಯಲ್ಲಿ ತಿದ್ದುವ ಕೆಲಸ ನಿಮ್ಮ ಮಗ ವಹಿಸಿಕೊಂಡಿದ್ದಾನೆ, ಮಾಡಲಿ ಬಿಡಿ.

ಪೂರ್ತಿ ಕಥೆ ಬಾಯಿಪಾಠ ಮಾಡಬೇಡಿ. ಯಾರು ಹೊರಟರು, ಏನು ಹುಡುಕಿಕೊಂಡು, ಯಾರು ಅಡ್ಡ ಬಂದರು, ಯಾರು ಸಹಾಯ ಮಾಡಿದರು, ಇಷ್ಟು ನೆನಪಿದ್ದರೆ ಸಾಕು. ಮತ್ತೆ ಮತ್ತೆ ಬರುವ ಮಾತು ಮಾತ್ರ ಒಂದಕ್ಷರ ತಪ್ಪಬಾರದು, ಮಗ ಕಾಯುತ್ತಿರುವುದೇ ಅದಕ್ಕೆ. ರಾಜನಿಗೆ ಮೂರೇ ಮಕ್ಕಳು ಯಾಕೆ, ಮೂರನೇ ಸಲವೇ ಯಾಕೆ ಗೆಲ್ಲುತ್ತಾರೆ ಅಂತ ಯೋಚಿಸಿದ್ದೀರಾ? ಹೇಳುವವರಿಗೂ ಅದರಿಂದ ಲಾಭ ಇದೆ. ಬಾಯಿ ಹಳೆಯ ಮಾತನ್ನೇ ಹೇಳುತ್ತಿರುವಾಗ ಮನಸ್ಸು ಮುಂದಿನದನ್ನು ಹುಡುಕಿಕೊಳ್ಳುತ್ತದೆ. ಆಗಲೂ ನೆನಪಾಗದಿದ್ದರೆ 'ಆಮೇಲೆ ಏನಾಯ್ತು, ನೀನೇ ಹೇಳು' ಅನ್ನಿ.

ಅವನಿಗೆ ಹೂಂಗುಟ್ಟುವ ಕೆಲಸವನ್ನೂ ಕೊಡಿ. 'ಹೂಂ' ಜೋರಾಗಿದ್ದರೆ ಕಥೆ ಹಿಡಿಸಿದೆ ಅಂತ. ಸಣ್ಣದಾಗುತ್ತಾ ಬಂದರೆ ನೀವೂ ದನಿ ತಗ್ಗಿಸಿ. ನಿಂತೇ ಹೋಯಿತು ಅಂದರೆ ನಿದ್ದೆ ಬಂತು. ಎಲ್ಲಿಗೆ ನಿಲ್ಲಿಸಿದಿರಿ ಅನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳಿ, ನಾಳೆ ರಾತ್ರಿ ಅಲ್ಲಿಂದಲೇ ಕೇಳುತ್ತಾನೆ.