ಕರೆಂಟ್ ಹೋದ ಸಂಜೆ ಓದಿದ ಪಾಠ

"ಓದ್ತೀನಿ, ಆದ್ರೆ ತಲೇಲಿ ನಿಲ್ಲಲ್ಲ." ಈ ಮಾತು ಹೇಳಿಕೊಂಡು ನನ್ನ ಹತ್ತಿರ ಸಲಹೆಗೆ ಬರುವ ಮಕ್ಕಳು ಜಾಸ್ತಿ ಆಗುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ದ್ವಿತೀಯ ಪಿಯುಸಿ ಹುಡುಗಿ, ಜೊತೆಗೆ ಅಮ್ಮ. ಒಂದು ಪಾಠ ಮುಗಿದರೆ ಇನ್ನೊಂದು. ನಡುವೆ ಐದು ನಿಮಿಷ ಸಿಕ್ಕರೆ ಮೊಬೈಲ್.

ಎರಡನೇ ಭೇಟಿಯಲ್ಲಿ, "ನೆನಪಿರೋ ಒಂದು ಪಾಠ ಹೇಳು, ಸುಮ್ನೆ" ಅಂದೆ. ತಡವರಿಸಿದಳು. ಆಮೇಲೆ ಮೇಜಿನ ಮೇಲೆ ಬೆರಳಲ್ಲೇ ಗೆರೆ ಎಳೆದು ಬಯಾಲಜಿಯ ಲ್ಯಾಕ್ ಓಪೆರಾನ್ ಶುರು ಮಾಡಿದಳು, ಅಂದರೆ ಬ್ಯಾಕ್ಟೀರಿಯಾದಲ್ಲಿ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಅರಗಿಸುವ ಜೀನ್‌ಗಳ ಗುಂಪು. ಲ್ಯಾಕ್ಟೋಸ್ ಬಂದು, ಜೀನ್‌ಗಳನ್ನು ತಡೆದು ನಿಲ್ಲಿಸಿರುವ ರಿಪ್ರೆಸರ್ ಅನ್ನೋ ಪ್ರೋಟೀನ್‌ಗೆ ಅಂಟಿಕೊಳ್ಳುತ್ತೆ, ರಿಪ್ರೆಸರ್ ಜಾಗ ಬಿಡುತ್ತೆ, ಮೂರು ಜೀನ್ ಕೆಲಸ ಶುರು ಮಾಡುತ್ತವೆ. ಎಲ್ಲೂ ನಿಲ್ಲಲಿಲ್ಲ.

"ಇದೊಂದು ಹೇಗೆ ಉಳೀತು?"

"ಅವತ್ತು ಕರೆಂಟ್ ಹೋಗಿತ್ತು ಮೇಡಂ. ಫೋನಲ್ಲೂ ಚಾರ್ಜ್ ಇರಲಿಲ್ಲ. ಓದಿದ್ದು ಮುಚ್ಚಿಟ್ಟು ಜಗಲಿ ಮೇಲೆ ಕೂತಿದ್ದೆ."

ಅಮ್ಮ ತಲೆ ತಗ್ಗಿಸಿದರು. "ಟೈಮ್ ಹಾಳು ಮಾಡ್ತೀಯ ಅಂತ ಅವತ್ತು ಬೈದಿದ್ದೆ."

ನಾನು ಕೊಟ್ಟ ಸಲಹೆ ಇಷ್ಟೇ: ಪ್ರತಿ ಪಾಠದ ನಂತರ ಹತ್ತು ನಿಮಿಷ ಏನೂ ಮಾಡದೆ ಕೂರು. ಫೋನ್ ಬೇರೆ ಕೋಣೆಯಲ್ಲಿರಲಿ. ಓದಿದ್ದನ್ನು ಮೆಲುಕು ಹಾಕಲೇಬೇಕು ಅಂತಿಲ್ಲ. ರಾತ್ರಿ ನಿದ್ದೆ ಮಾತ್ರ ಬಿಡಬೇಡ.

"ಪರೀಕ್ಷೆ ಹತ್ತಿರ ಇದೆ, ಕೂತ್ಕೋ ಅಂತೀರಲ್ಲ" ಎಂದರು ಅಮ್ಮ. ಒಂದು ಸಂಜೆಯ ನೆನಪು ಸಾಕ್ಷಿಯಲ್ಲ, ಒಪ್ಪುತ್ತೇನೆ. ಆದರೆ ನಾನು ಗಾಳಿಯಲ್ಲಿ ಮಾತಾಡುತ್ತಿಲ್ಲ. 2012ರಲ್ಲಿ ನೆನಪಿನ ಬಗ್ಗೆ ಸಂಶೋಧನೆ ಮಾಡುವ ಮೈಕೇಲಾ ಡೀವರ್ ಮತ್ತು ಸಂಗಡಿಗರು ವಯಸ್ಸಾದವರಿಗೆ ಎರಡು ಚಿಕ್ಕ ಕಥೆ ಕೇಳಿಸಿದರು. ಒಂದರ ನಂತರ ಹತ್ತು ನಿಮಿಷ ಸುಮ್ಮನೆ ಕೂರಿಸಿದರು, ಇನ್ನೊಂದರ ನಂತರ ಚಿತ್ರಗಳಲ್ಲಿ ವ್ಯತ್ಯಾಸ ಹುಡುಕುವ ಆಟ ಕೊಟ್ಟರು. ವಾರ ಕಳೆದರೂ ಸುಮ್ಮನೆ ಕೂತ ಕಥೆಯೇ ಚೆನ್ನಾಗಿ ನೆನಪಿತ್ತು. ಸುಮ್ಮನಿದ್ದಾಗ ಮಿದುಳಲ್ಲಿ ಏನು ನಡೆಯುತ್ತೆ ಅನ್ನೋದರ ಸುಳಿವು ಇಲಿಗಳಲ್ಲಿ ಸಿಗುತ್ತೆ. ದಾರಿಯಲ್ಲಿ ಓಡಿ ನಿಂತ ಇಲಿಯ ಹಿಪೊಕ್ಯಾಂಪಸ್‌ನಲ್ಲಿ (ಮಿದುಳಲ್ಲಿ ನೆನಪಿಗೆ ಬೇಕಾದ ಭಾಗ), ಓಡುವಾಗ ಕೆಲಸ ಮಾಡಿದ ಅವೇ ನರಕೋಶಗಳು ಕೊನೆಯಿಂದ ಮೊದಲಿಗೆ, ಉಲ್ಟಾ ಕ್ರಮದಲ್ಲಿ, ಸರಸರನೆ ಮತ್ತೆ ಮಿಡಿಯುತ್ತವೆ. ಇಲಿ ಎಚ್ಚರವಾಗೇ ಇರುತ್ತೆ. ಹೊರಗಿಂದ ನೋಡಿದರೆ ಸುಮ್ಮನೆ ನಿಂತಿದೆ ಅಷ್ಟೇ.

ನಮ್ಮ ಮನೆಗಳಲ್ಲಿ ಸುಮ್ಮನೆ ಕೂತ ಮಗು ಅಂದ್ರೆ ಸೋಮಾರಿ, ಅಲ್ವಾ? ಮೊಬೈಲ್ ಹಿಡಿದರೆ ಬೈಗುಳ, ಬರಿಗೈಯಲ್ಲಿ ಕೂತರೂ ಬೈಗುಳ. ನನಗೆ ನೋವಾಗುವುದು ಈ ಎರಡನೆಯದಕ್ಕೆ.

ಮೂರು ವಾರದ ನಂತರ ಇಬ್ಬರೂ ಬಂದರು. ಮೊದಲ ದಿನಗಳಲ್ಲಿ ಹತ್ತು ನಿಮಿಷ ಕಳೆಯುವುದೇ ಕಷ್ಟವಾಯಿತಂತೆ, ಕೈ ತಾನಾಗೇ ಫೋನ್ ಹುಡುಕುತ್ತಿತ್ತಂತೆ. ಬಯಾಲಜಿ ಪರವಾಗಿಲ್ಲ ಅಂದಳು. ಕೆಮಿಸ್ಟ್ರಿ ಇನ್ನೂ ಅರ್ಥವೇ ಆಗುತ್ತಿಲ್ಲ. ಅದಕ್ಕೆ ಜಗಲಿ ಸಾಲದು, ಹೇಳಿಕೊಡುವವರು ಬೇಕು ಅಂತ ಅಮ್ಮನಿಗೆ ಹೇಳಿ ಕಳಿಸಿದೆ.