ಕ್ಷಮೆ ಕೇಳಬೇಕಾದವಳು ಲೆಫ್ಟ್ ಕಾರ್ನರಿನಲ್ಲಿದ್ದಾಳೆ

ಪ್ರಶ್ನೆ: ಅಕ್ಕಾ, ನನ್ನ ಮಗಳಿಗೆ 19 ವರ್ಷ. ಬಿ.ಕಾಂ. ಎರಡನೇ ವರ್ಷ, ಕಾಲೇಜು ಕಬಡ್ಡಿ ತಂಡದ ಲೆಫ್ಟ್ ಕಾರ್ನರ್, ಅಂದರೆ ಎಡತುದಿಯಲ್ಲಿ ನಿಂತು ಎದುರಾಳಿಯನ್ನು ಹಿಡಿಯುವವಳು. ಈ ಸಲ ಹನ್ನೆರಡು ಜನರ ಪಟ್ಟಿಯಲ್ಲಿ ಹೆಸರಿತ್ತು, ಆಡುವ ಏಳರಲ್ಲಿ ಇರಲಿಲ್ಲ. ಅದೇ ರಾತ್ರಿ ಇನ್‌ಸ್ಟಾಗ್ರಾಂ ಸ್ಟೋರಿಯಲ್ಲಿ ‘ಸರ್‌ಗೆ ಬೇಕಾದವರಿಗೆ ಮಾತ್ರ ಜಾಗ, ಆಟ ಬಂದರೆ ಸಾಲದು’ ಅಂತ ಹಾಕಿದಳು. ಯಾರೋ ಸ್ಕ್ರೀನ್‌ಶಾಟ್ ತೆಗೆದು ಕೋಚ್‌ಗೆ ಕಳಿಸಿದ್ದಾರೆ. ಪ್ರಾಕ್ಟೀಸಿಗೆ ಬರಬೇಡ ಅಂದಿದ್ದಾರೆ ಅವರು. ಬೈದರೆ ‘ಕ್ರಿಕೆಟರ್ ಪೃಥ್ವಿ ಶಾ ಹಾಕ್ಲಿಲ್ವಾ?’ ಅನ್ನುತ್ತಾಳೆ. ನಮ್ಮ ಮನೆಯವರು ಅವಳ ಫೋನ್ ಕಸಿದಿಟ್ಟಿದ್ದಾರೆ. ನಾನೇ ಹೋಗಿ ಕೋಚ್ ಹತ್ತಿರ ಕ್ಷಮೆ ಕೇಳಲಾ?
– ಡೊಂಬಿವಲಿಯ ಒಬ್ಬ ತಾಯಿ

ಉತ್ತರ: ತಂಗೀ, ನೀವು ಹೋಗಬೇಡಿ. ಫೋನ್ ಇವತ್ತೇ ವಾಪಸ್ ಕೊಡಿಸಿ. ಆಮೇಲೆ ಮಗಳನ್ನು ಒಬ್ಬಳನ್ನೇ ಕೂರಿಸಿಕೊಂಡು ಒಂದು ಮಾತು ಕೇಳಿ: ‘ಟೀಮಿನ ಜಾಗ ಬಿಟ್ಟು ಬೇರೇನಾದರೂ ಇದೆಯಾ?’

‘ಸರ್‌ಗೆ ಬೇಕಾದವರು’ ಅನ್ನೋ ಮಾತು ನನಗೆ ಸ್ವಲ್ಪ ಚುಚ್ಚಿತು, ಅದಕ್ಕೇ ಹೇಳುತ್ತಿದ್ದೇನೆ. ರಾತ್ರಿ ಹೊತ್ತು ಮೆಸೇಜು, ಮೈ ಮುಟ್ಟುವುದು, ಜಾಗಕ್ಕಾಗಿ ದುಡ್ಡು ಕೇಳುವುದು, ಕಾಲು ಊದಿದ್ದರೂ ಆಡಿಸುವುದು, ಇಂಥದ್ದೇನಾದರೂ ಇದ್ದರೆ ಅವಳು ಬರೆದದ್ದು ತಪ್ಪಲ್ಲ. ಲೈಂಗಿಕ ಕಿರುಕುಳದ ದೂರಿಗೆ ಕಾಲೇಜಿನಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅಲ್ಲಿಗೆ ಅವಳ ಜೊತೆ ನೀವೂ ಹೋಗಿ. 2023ರ ಜನವರಿಯಲ್ಲಿ ಕುಸ್ತಿಪಟುಗಳಾದ ವಿನೇಶ್ ಫೋಗಟ್, ಸಾಕ್ಷಿ ಮಲಿಕ್ ಲೈಂಗಿಕ ಕಿರುಕುಳದ ದೂರು ಹೊತ್ತು ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತರಲ್ಲ, ಅಂಥ ದೂರನ್ನು ಎಲ್ಲರೆದುರು ಹೇಳಬೇಕು. ಅದನ್ನು ಹುಡುಗಾಟ ಅನ್ನಲು ಯಾರಿಗೂ ಹಕ್ಕಿಲ್ಲ.

ಅಂಥದ್ದೇನೂ ಇಲ್ಲ, ಬರೀ ಜಾಗದ ಸಂಕಟ ಅಂತಾದರೆ ನನ್ನದೊಂದು ವಿಷಯ ಹೇಳುತ್ತೇನೆ. 1983ರಲ್ಲಿ ನಾನು ಇಲ್ಲೇ ಮುಂಬಯಿಯ ಕಾಲೇಜೊಂದರಲ್ಲಿ ನಾಲ್ಕು ಇಂಟು ನೂರು ರಿಲೇಯಲ್ಲಿ ಮೂರನೆಯವಳಾಗಿ ಓಡುತ್ತಿದ್ದೆ. ಪಂದ್ಯಕ್ಕೆ ವಾರ ಇರುವಾಗ ನನ್ನನ್ನು ತೆಗೆದರು. ಜಿಮ್ಖಾನಾ ಕೋಣೆಯ ಕರಿಹಲಗೆ ಮೇಲೆ ದೊಡ್ಡದಾಗಿ ಬರೆದೆ: ‘ಇಲ್ಲಿ ಓಡುವವರಿಗಲ್ಲ, ಬಾಲ ಹಿಡಿಯುವವರಿಗೆ ಜಾಗ.’ ಕನ್ನಡದಲ್ಲಿ ಬರೆದೆ. ಸರ್ ಮರಾಠಿಯವರು, ಯಾರಿಗೂ ಓದಲು ಬರುವುದಿಲ್ಲ ಅಂತ ಧೈರ್ಯ. ನನ್ನ ಜಾಗಕ್ಕೆ ಬಂದ ಹುಡುಗಿಯದು ಮುಲುಂಡಿನ ಕನ್ನಡ ಮನೆ. ಅವಳಿಗೆ ಓದಲು ಬಂತು. ಸರ್ ಬರುವ ಮೊದಲೇ ದುಪಟ್ಟಾದ ತುದಿಯಿಂದ ಉಜ್ಜಿ ಒರೆಸಿದಳು. ನೀಲಿ ದುಪಟ್ಟಾ, ತುದಿಯೆಲ್ಲ ಚಾಕ್‌ಪೀಸಿನ ಬಿಳಿ. ಅವತ್ತಿಡೀ ಅದು ನನ್ನ ಕಣ್ಣೆದುರಿಗೇ ಇತ್ತು. ಕ್ಷಮೆ ಕೇಳಲು ನನಗೆ ಮೂರು ವಾರ ಬೇಕಾಯಿತು. ಅವಳು ಕೇಳಿದ್ದು ಇಷ್ಟೇ: ‘ಸರ್‌ಗೆ ಬೈದೆ, ಬಿಡು. ನಾನು ಯಾರ ಬಾಲ ಹಿಡಿದಿದ್ದೆ ಹೇಳು?’

ನಿಮ್ಮ ಮಗಳ ಜಾಗದಲ್ಲೂ ಈಗ ಒಬ್ಬಳು ನಿಂತಿದ್ದಾಳೆ, ಅಲ್ವಾ? ಆ ಸ್ಟೋರಿ ಜಾಸ್ತಿ ತಾಗಿದ್ದು ಕೋಚ್‌ಗಲ್ಲ, ಆ ಹುಡುಗಿಗೆ. ಅವಳೂ ಬೆಳಗಿನ ಲೋಕಲ್‌ನಲ್ಲಿ ಬಾಗಿಲ ಹತ್ತಿರ ನಿಂತುಕೊಂಡೇ ಪ್ರಾಕ್ಟೀಸಿಗೆ ಬಂದವಳು. ಮೊದಲ ಕ್ಷಮೆ ಅವಳಿಗೆ. ಫೋನಿನಲ್ಲಿ ಬೇಡ, ಎದುರಿಗೆ.

ಪೃಥ್ವಿ ಶಾ ಮಾತಿಗೆ ಬರೋಣ. 2024ರ ಡಿಸೆಂಬರಿನಲ್ಲಿ ವಿಜಯ್ ಹಜಾರೆ ಟೂರ್ನಿಗೆ ಮುಂಬಯಿ ತಂಡದಿಂದ ಕೈಬಿಟ್ಟಾಗ ಅವರು 65 ಇನಿಂಗ್ಸ್, 3,399 ರನ್ ಅಂತ ಲೆಕ್ಕ ಹಾಕಿ, ಇನ್ನೂ ಏನೇನು ನೋಡಬೇಕು ಅಂತ ಇನ್‌ಸ್ಟಾಗ್ರಾಂನಲ್ಲಿ ದೇವರನ್ನೇ ಕೇಳಿದರು. ಆಮೇಲೆ ಫಿಟ್‌ನೆಸ್ಸು, ಶಿಸ್ತು ಅಂತ ಕ್ರಿಕೆಟ್ ಸಂಸ್ಥೆ ಕಡೆಯ ಮಾತೂ ಪೇಪರಿಗೆ ಬಂತು. ನೋವು ಅವರದು ನಿಜ, ಆದರೆ ಜಾಗ ಸಿಗಲಿಲ್ಲ. ಮಗಳಿಗೆ ಬಾಕ್ಸರ್ ಲವ್ಲಿನಾ ಬೊರ್ಗೊಹೈನ್ ಬರೆದದ್ದನ್ನು ತೋರಿಸಿ. 2022ರ ಜುಲೈ, ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಕೆಲವೇ ದಿನ. ಕೋಚ್ ಸಂಧ್ಯಾ ಗುರುಂಗ್ ಅವರನ್ನು ಕ್ರೀಡಾಗ್ರಾಮದ ಒಳಗೆ ಬಿಡುತ್ತಿಲ್ಲ, ಹೀಗಾದರೆ ನಾನು ಹೇಗೆ ತಯಾರಾಗಲಿ ಅಂತ ಬರೆದರು. ಏನು ಬೇಕು ಅನ್ನೋದು ಅದರಲ್ಲಿ ಸ್ಪಷ್ಟವಾಗಿತ್ತು. ಕೋಚ್‌ಗೆ ಪಾಸೂ ಬಂತು. ನಿಮ್ಮ ಮಗಳ ಎರಡು ಸಾಲಿನಲ್ಲಿ ಏನು ಬೇಕು ಅಂತ ಎಲ್ಲೂ ಇಲ್ಲ, ಬರೀ ದೂಷಣೆ ಇದೆ.

ಆದ್ದರಿಂದ ಎರಡನೆಯದಾಗಿ ಅವಳು ಕೋಚ್ ಹತ್ತಿರ ಹೋಗಲಿ. ‘ಹಾಗೆ ಬರೆದದ್ದು ನನ್ನ ತಪ್ಪು’ ಅಂತ ಹೇಳಲಿ. ಅಲ್ಲಿಗೇ ನಿಲ್ಲಿಸದೆ ಕೇಳಲಿ: ಎದುರಾಳಿಯ ಪಾದದ ಗಂಟು ಹಿಡಿಯುವ ನನ್ನ ಆಂಕಲ್ ಹೋಲ್ಡ್ ತಡವಾಗುತ್ತಿದೆಯಾ? ಕವರ್ ಜಾಗದಲ್ಲಿ ನಿಲ್ಲುವವಳ ಜೊತೆ ಹೊಂದಿಕೆ ಇಲ್ಲವಾ? ಏನು ಸರಿಮಾಡಿಕೊಳ್ಳಲಿ? ಹಾಗೆ ಕೇಳುವುದು ಅವಳ ಹಕ್ಕು. ಬದಲಿ ಐವರಲ್ಲಿ ಇದ್ದವಳು ಯಾವ ಪಂದ್ಯದಲ್ಲಾದರೂ ಒಳಗೆ ಇಳಿಯಬಹುದು.

ಕೋಚ್ ಮಾಡಿದ್ದೂ ನನಗೆ ಒಪ್ಪಿಗೆಯಿಲ್ಲ. ಹುಡುಗಿ ಮಾತಿನಲ್ಲಿ ತಪ್ಪಿದಳು ಅಂತ ಆಟವನ್ನೇ ನಿಲ್ಲಿಸುವುದು ದೊಡ್ಡವರ ಲಕ್ಷಣವಲ್ಲ. ಎಷ್ಟು ದಿನ ಅಂತ ಬರಹದಲ್ಲಿ ಕೇಳಿ. ಉತ್ತರ ಬರದಿದ್ದರೆ ಕ್ರೀಡಾ ವಿಭಾಗ, ಆಮೇಲೆ ಪ್ರಿನ್ಸಿಪಾಲ್, ಆಮೇಲೆ ವಿದ್ಯಾರ್ಥಿ ಕುಂದುಕೊರತೆ ಸಮಿತಿ. ಯುಜಿಸಿಯ 2023ರ ನಿಯಮದ ಪ್ರಕಾರ ಆ ಸಮಿತಿ 15 ಕೆಲಸದ ದಿನದೊಳಗೆ ವರದಿ ಕೊಡಬೇಕು. ಸುಮ್ನೆ ಬಾಯಿಮಾತಲ್ಲಿ ಬಿಡಬೇಡಿ.

ಕೋಚ್ ಹತ್ತಿರ ಹೋಗುವ ದಿನ ಶೂ, ಮೊಣಕಾಲಿನ ನೀ ಕ್ಯಾಪ್ ಬ್ಯಾಗಿನಲ್ಲಿರಲಿ. ಸರ್ ಹ್ಞೂಂ ಅಂದರೆ ಅವತ್ತೇ ಮ್ಯಾಟಿಗೆ ಇಳಿಯಬಹುದು.